ಮಾಳಪ್ಪ ಆರಿಸದ ಎಂಜಿನ್ನು

ಮಾಳಪ್ಪ ಎಂಜಿನ್ನುಗಳನ್ನು ಹಲ್ಲಿನಿಂದ ಕೇಳುತ್ತಿದ್ದ. ಉದ್ದ ಸ್ಕ್ರೂಡ್ರೈವರಿನ ಕಟ್ಟಿಗೆಯ ಹಿಡಿಕೆಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಅದರ ಕಬ್ಬಿಣದ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಎಡಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಬಲಗಿವಿಯೂ ಅರ್ಧ. ಆದರೆ ಎಂಜಿನ್ನಿನ ನಡುಕ ಹಿಡಿಕೆಯಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ ಏರಿ ಅವನಿಗೆ ಎಲ್ಲವನ್ನೂ ಹೇಳುತ್ತಿತ್ತಂತೆ. ಜಮಖಂಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ತಗಡಿನ ಅಂಗಡಿಯಿತ್ತು. ಮೊದಲ ಸಲ ಅಲ್ಲಿ ಈ ದೃಶ್ಯ ಕಂಡಾಗ, ಬೆಳಗಾವಿಯ ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿತು ಬಂದ ನಾನು ಮುಖ ತಿರುಗಿಸಿದ್ದೆ. ಹೌ ಅನ್‌ಹೈಜೀನಿಕ್ ಅನ್ನಿಸಿತ್ತು.

ಅವನದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅಂಗಡಿಯಲ್ಲೂ ಹೆಗಲಿನಿಂದ ಕರಿಕಂಬಳಿ ಇಳಿಯುತ್ತಿರಲಿಲ್ಲ. ಯಾವ ಎಂಜಿನ್ನು ಬಿಚ್ಚುವ ಮೊದಲೂ ಅದರ ನೆತ್ತಿಗೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಹಚ್ಚಲೇಬೇಕು. ಡೀಸೆಲ್ ಎಂಜಿನ್ನು ಅವನ ಬಾಯಲ್ಲಿ ಟಗರು. ಸಣ್ಣ ಪೆಟ್ರೋಲ್ ಮೋಟರು ಮರಿ. ಸ್ಟಾರ್ಟ್ ಆಗಲಾರದ್ದು ಮುನಿಸಿಕೊಂಡ ಕುರಿ. "ಮಂದಿ ಹಲ್ಲ ನೋಡಿ ಕುರಿ ತಗೋತಾರ್ರಿ ಬಾಯಾರ, ನಾ ಹಲ್ಲ ಹಚ್ಚಿ ಎಂಜಿನ್ ತಗೋತೇನಿ," ಎಂದು ತನ್ನ ಜೋಕಿಗೆ ತಾನೇ ಮೊದಲು ನಗುತ್ತಿದ್ದ.

ನಮ್ಮ ತೇರದಾಳದ ತೋಟದಲ್ಲಿ ನೀರೆತ್ತುವ ಎಂಜಿನ್ನೊಂದು ಗಡಗಡ ನಡುಗತೊಡಗಿತ್ತು. ಮೂವರು ಮೆಕ್ಯಾನಿಕ್‌ಗಳು ಬಂದು ಅದನ್ನು ಬಿಚ್ಚಿ, ಮತ್ತೆ ಜೋಡಿಸಿ ಹೋಗಿದ್ದರು. ಮಾಳಪ್ಪ ಬಂದವನು ಹಿಡಿಕೆ ಕಚ್ಚಿದ, ಕಣ್ಣು ಮುಚ್ಚಿದ, ಬಾಯಿಂದ ತೆಗೆದು ಕಂಬಳಿಗೆ ಒರೆಸಿದ.

"ಎಂಜಿನ್ನಿಗಿ ಏನೂ ಆಗಿಲ್ರಿ. ಬುಡದ ಬೋಲ್ಟ್ ಸಡಲ ಆಗೈತಿ. ಮನಷ್ಯಾಗೂ ಹಂಗ ಅಲ್ಲೇನ್ರಿ, ಕಾಲ ನಡಗಿದ್ರ ದನಿ ನಡಗತೈತಿ."

ಬೋಲ್ಟ್ ಬಿಗಿ ಮಾಡಿದ. ನಡುಕ ನಿಂತಿತು. ನಮ್ಮ ಯಜಮಾನರು ಜಮಖಂಡಿ ಕೋರ್ಟಿನಲ್ಲಿ ವಕೀಲರು. ಯಾರ ಮಾತನ್ನೂ ಪಾಟೀಸವಾಲಿನ ಹಾಗೆ ಕ್ರಾಸ್ ಮಾಡದೆ ಒಪ್ಪಿದವರಲ್ಲ. ಆವತ್ತಿನಿಂದ ಎಂಜಿನ್ನಿನ ವಿಷಯದಲ್ಲಿ ಮಾತ್ರ ಮಾಳಪ್ಪ ಅವರ ಸುಪ್ರೀಂ ಕೋರ್ಟಾದ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ಕಡೆಯ ಊರುಗಳನ್ನು ಮುಳುಗಿಸಿ ನಿಂತ ಮೂರು-ನಾಲ್ಕು ವರ್ಷಗಳ ನಂತರ ನಮ್ಮವರಿಗೆ ಬೋಟಿನ ಹುಚ್ಚು ಹಿಡಿಯಿತು. ಸಂಸ್ಥಾನದ ಕಾಲದಿಂದಲೂ ನಮ್ಮ ಮಾವನವರ ಮನೆಯಲ್ಲಿ ಗಾಳ ಹಾಕಿ ಮೀನು ಹಿಡಿಯುವ ಶೋಕಿ ಇತ್ತು. ದಂಡೆಯ ಮೇಲೆ ಕೂತು ಬೇಸತ್ತ ಇವರು, ಮೀನು ಹಿಡಿಯುವುದಕ್ಕೆಂದೇ ಕಾರವಾರದ ಕಡೆ ಒಂದು ಫೈಬರ್ ಬೋಟು ಮಾಡಿಸಿ ಲಾರಿಯ ಮೇಲೆ ತರಿಸಿದರು. ಇನ್ನು ಅದರ ಹಿಂಬದಿಗೆ ತೂಗುಹಾಕುವ ಮೋಟರೊಂದು ಬೇಕಾಗಿತ್ತು. ಬೆಳಗಾವಿಯ ಡೀಲರ್ ಎರಡು ಕಳಿಸಿದ್ದ. ಎರಡನ್ನೂ ನೋಡಿ, ಬೇಡವಾದದ್ದನ್ನು ಮರುದಿನ ವಾಪಸು ಮಾಡಬೇಕು. ಒಂದು ಎಂಟು ಹಾರ್ಸ್ ಪವರಿನದು. ಹಗ್ಗ ಜಗ್ಗಿ ಶುರು ಮಾಡಬೇಕು, ಹೊಗೆ ಉಗುಳುತ್ತದೆ. ಇನ್ನೊಂದು ಇಪ್ಪತ್ತೈದರದು, ಬಟನ್ ಒತ್ತಿದರೆ ಬೆಕ್ಕಿನಂತೆ ಗುರುಗುಡುತ್ತದೆ.

ಆವತ್ತು ಇವರಿಗೆ ದೊಡ್ಡ ಕೇಸಿತ್ತು. "ನೀ ಹೋಗಿ ಮಾಳಪ್ಪಗ ತೋರಿಸ್ಕೊಂಡು ಬಾ. ಅವ ಅಂದದ್ದ ಫೈನಲ್," ಎಂದು ಕರಿಕೋಟು ಹಾಕಿಕೊಂಡು ಹೋದರು.

ನೀರು ತುಂಬಿದ ಬ್ಯಾರೆಲ್ಲಿಗೆ ಹಲಗೆ ಕಟ್ಟಿ, ಎರಡೂ ಮೋಟರುಗಳನ್ನು ಒಂದೊಂದಾಗಿ ತೂಗುಹಾಕಿ ಓಡಿಸಿದ ಮಾಳಪ್ಪ. ಎರಡಕ್ಕೂ ಭಂಡಾರ, ಎರಡಕ್ಕೂ ಹಲ್ಲು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಕ್ಯಾಟಲಾಗಿನ ಇಂಗ್ಲಿಷನ್ನು ಅವನಿಗೆ ಕನ್ನಡ ಮಾಡಿ ಹೇಳುತ್ತಿದ್ದೆ: ದೊಡ್ಡದರ ವೇಗ ಇಷ್ಟು, ಸದ್ದು ಇಷ್ಟು ಕಡಿಮೆ, ಎಣ್ಣೆ ಇಷ್ಟು ಉಳಿತಾಯ.

"ಓಡೂದರ ಬಗ್ಗೆ ಭಾಳ ಬರದಾರ ಬಿಡ್ರಿ," ಎಂದ ಮಾಳಪ್ಪ. "ನಡುನೀರಾಗ ನಿಂತ್ರ ಏನ ಮಾಡಬೇಕಂತ ಬರದಾರೇನ್ರಿ?"

"ಅದ್ಯಾಕ ನಿಲ್ಲತದ? ಹೊಸಾ ಎಂಜಿನ್ ಅಲ್ಲೇನು?"

"ಎಂಜಿನ್ ಎರಡೂ ಛಲೋ ಅದಾವ್ರಿ. ನಮ್ಮ ನೀರಿಗಿ ಮಾತ್ರ ಸಣ್ಣದ ಬೇಕು." ಬ್ಯಾರೆಲ್ಲಿನ ನೀರಿನ ಮೇಲೆ ಅಂಗೈ ಸವರಿದ. "ಹಿನ್ನೀರು ಮ್ಯಾಲ ಹಿಂಗ ಸಪಾಟ ಕಾಣತೈತ್ರಿ. ಒಳಗ ನಮ್ಮ ಊರೈತಿ. ಗ್ವಾಡಿ ಅದಾವ, ಬಾವಿ ಕಟ್ಟಿ ಅದಾವ, ಜಾಲಿ ಗಿಡ ಅದಾವ. ಈ ಸಣ್ಣದರ ನೀರಾಗ ಇಳಿಯೂ ಕಾಲ ಗಿಡ್ಡ. ಕಲ್ಲಿಗಿ ಬಡದ್ರ ಪಂಖಾದ ಪಿನ್ ಮುರದು ಎಂಜಿನ್ ಉಳೀತೈತಿ. ಬ್ಯಾರೆ ಪಿನ್ ಹಾಕ್ಕೊಂಡು ಮನಿಗಿ ಬರ್ತೀರಿ. ಅದರ ಕಾಲ ಉದ್ದ, ಓಟ ಜೋರು. ಅದು ಬಡದ್ರ ಪಿನ್ ಅಲ್ರಿ, ಬೋಟನ್ಯಾಗಿನ ಮಂದಿ ಮುರೀತಾರ."

ಅಂಗೈ ಕಂಬಳಿಗೆ ಒರೆಸಿ ಮತ್ತೆ ಹೇಳಿದ. "ನನ್ನ ಕೇಳಿದ್ರ ಬ್ಯಾಸಗಿ ತನಕಾ ತಡೀರಿ. ನೀರ ಇಳದ ಮ್ಯಾಲ ನಿಮ್ಮನ್ನ ತಳದಾಗ ಅಡ್ಯಾಡಸ್ಕೊಂಡ ಬರ್ತೇನಿ. ತಳಾ ನೋಡಲಾರ್ದ ಎಂಜಿನ್ ತಗೋಬಾರದ್ರಿ."

ಪ್ರತಿ ಬೇಸಿಗೆ ಅವನು ಹಾಗೆ ನಡೆಯುತ್ತಿದ್ದನಂತೆ. ನೀರು ಸರಿದು ಕೆಸರು ಬಿರಿದ ಮೇಲೆ, ಹಳೇ ಊರಿನಲ್ಲಿ ಗುಡಿಯಿದ್ದ ಕಡೆ ಹೋಗಿ ಭಂಡಾರ ಹಾರಿಸಿ ಬರುವುದು. ಆವತ್ತು ಇನ್ನೊಂದು ಸುದ್ದಿಯನ್ನೂ ನಾಚಿಕೊಂಡೇ ಹೇಳಿದ. ಹಿನ್ನೀರಿನ ಮೀನುಗಾರರ ಸಂಘದವರು ಹನ್ನೆರಡು ದೋಣಿಗಳಿಗೆ ಮೋಟರು ಹಾಕಿಸುವವರಿದ್ದರು. ಆರಿಸುವ ಕೆಲಸ, ಮುಂದೆ ನೋಡಿಕೊಳ್ಳುವ ಕೆಲಸ, ಎರಡೂ ಅವನಿಗೇ ಎಂದು ಮಾತಾಗಿತ್ತು. ದಂಡೆಯ ಮೇಲೆ ಶೆಡ್ ಹಾಕಿಕೊಡುತ್ತಾರಂತೆ. "ಊರಿನ ಎದರಿಗೇ ಕುಂತು ಕೆಲಸ ಮಾಡಬಹುದ್ರಿ ಬಾಯಾರ. ನೀರಾಗಿದ್ರೇನಾತು, ಊರು ಊರ ಅಲ್ಲೇನ್ರಿ?"

ನಾನು ಮನೆಗೆ ಬಂದೆ. ಸಂಜೆ ಇವರು ಕೋಟು ಬಿಚ್ಚುತ್ತ, "ಏನಂದ ನಿನ್ನ ಮೆಕ್ಯಾನಿಕ್ಕು?" ಎಂದರು.

"ದೊಡ್ಡದ ಛಲೋ ಅಂದ," ಎಂದೆ.

ಇಷ್ಟೇ. ಒಂದೇ ವಾಕ್ಯ. ಇದಕ್ಕೆ ನಾನು ಎಷ್ಟೋ ವರ್ಷ ಕಾರಣಗಳನ್ನು ಹೊಲಿಯುತ್ತ ಬಂದೆ. ಇವರ ಬಲಭುಜ ನೋಯುತ್ತಿತ್ತು, ಹಗ್ಗ ಜಗ್ಗುವುದು ಕಷ್ಟವಾಗುತ್ತಿತ್ತು ಎಂದು. ಟು ಬಿ ಫ್ರ್ಯಾಂಕ್, ಭುಜದ ನೆನಪು ನನಗಾದದ್ದು ಆಮೇಲೆ. ಕ್ಯಾಟಲಾಗಿನಲ್ಲಿ ಒಬ್ಬ ಹೆಂಗಸು ಬಿಳಿ ಹ್ಯಾಟು ಹಾಕಿಕೊಂಡು ಆ ದೊಡ್ಡ ಮೋಟರಿನ ಬೋಟಿನಲ್ಲಿ ಕೂತಿದ್ದಳು. ಸಣ್ಣದರ ಹೊಗೆ ನನ್ನ ಸೀರೆಗೆ ಹತ್ತಿ ಮನೆಯ ತನಕ ನಾರಿತ್ತು. ಜೊತೆಗೆ, ಇಂಗ್ಲಿಷು ಓದಿದ ನಾನು ಓದು ಬಾರದವನ ಮಾತನ್ನು ಹೊತ್ತು ತಂದು ಒಪ್ಪಿಸುವ ಪೋಸ್ಟ್‌ಮನ್ ಆಗಬೇಕೇ ಎಂಬ ಒಂದು ಹುಳುಕು. ನನ್ನ ಅಭಿಪ್ರಾಯ ಎಂದು ಹೇಳಿದ್ದರೆ ಇವರು ಕ್ರಾಸ್ ಮಾಡುತ್ತಿದ್ದರು. ಅದಕ್ಕೆ ಅವನ ಹೆಸರಿನಲ್ಲಿ ಹೇಳಿದೆ.

ಬೀಳಗಿಯ ಕಡೆ ದಂಡೆಯಲ್ಲಿ ಮೋಟರು ಕೂರಿಸುವುದಕ್ಕೆ ಮಾಳಪ್ಪನೇ ಬಂದ. ಜೀಪಿನಿಂದ ಇಬ್ಬರು ಹೊತ್ತು ಇಳಿಸಿದ್ದು ದೊಡ್ಡದು ಎಂದು ಕಂಡಾಗ ಅವನ ಕೈ ಕಂಬಳಿಯ ಮೇಲೆಯೇ ನಿಂತಿತು.

"ನಿನ್ನ ಮಾತ ಮೀರಿಲ್ಲ ನೋಡಪಾ ಮಾಳಪ್ಪಾ," ಎಂದರು ಇವರು, ಖುಷಿಯಾಗಿ. "ನೀ ದೊಡ್ಡದು ಅಂದಿ, ದೊಡ್ಡದ ತಂದೇನಿ."

ಮಾಳಪ್ಪ ನನ್ನ ಕಡೆ ನೋಡಿದ. ನಾನು ನೀರು ನೋಡುತ್ತಿದ್ದೆ.

"ಹೂಂ ರೀ," ಎಂದ. ಭಂಡಾರ ತೆಗೆದು ಮೋಟರಿಗೆ ಹಚ್ಚಿದ. ನಟ್ಟುಗಳನ್ನು ಬಿಗಿ ಮಾಡಿ ಮುಗಿಸಿ, "ಸಾವಕಾಶ ಓಡಸ್ರಿ ಸಾಹೇಬ್ರ. ದಂಡಿ ಕಡೆ ಜೋರ ಬಿಡಬ್ಯಾಡ್ರಿ," ಎಂದಷ್ಟೇ ಹೇಳಿ, ಚಹಾ ಕುಡಿಯದೆ ಹೊರಟ.

ಮೂರನೇ ವಾರ ಆದದ್ದು ಅದು. ದಂಡೆಯ ಕಡೆ ಬಿಳಿ ಹಕ್ಕಿಗಳು ಗುಂಪಾಗಿ ಎರಗುತ್ತಿದ್ದವು. ಅಲ್ಲಿ ಮೀನಿದೆ ಎಂದು ಇವರು ಬೋಟನ್ನು ಅತ್ತ ತಿರುಗಿಸಿ ಪೂರ್ತಿ ಜೋರಾಗಿ ಬಿಟ್ಟರು. ನೀರು ಕನ್ನಡಿಯ ಹಾಗಿತ್ತು. ಒಂದು ಸದ್ದಾಯಿತು, ಬೋಟು ಗಕ್ಕನೆ ನಿಂತಿತು, ನಾವು ನಿಲ್ಲಲಿಲ್ಲ. ಇವರ ಭುಜದ ಎಲುಬು, ಎರಡು ಪಕ್ಕೆಲುಬು ಮುರಿದವು. ಮೋಟರಿನ ಕಾಲು ತುಂಡಾಗಿ, ಬೋಟಿನ ಹಿಂಬದಿ ಸೀಳಿ, ನೀರು ಒಳಗೆ ನುಗ್ಗಿತು. ಬಲೆ ಹಾಕುತ್ತಿದ್ದ ಮೀನುಗಾರರು ಬಂದು ನಮ್ಮನ್ನು ಎತ್ತಿಕೊಂಡರು. ಬಡಿದದ್ದು ಒಂದು ಹಳೇ ಬಾವಿಯ ಕಟ್ಟೆ ಎಂದು ಅವರು ಹೇಳಿದರು. ನನ್ನ ಕನ್ನಡಕ ಒಡೆದದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಅದೂ ಒಂದು ಅನ್ಯಾಯವೇ.

ಮೈತುಂಬ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಇವರಿಗೆ ಬಾಯೊಂದು ಸರಿಯಿತ್ತು. ನೋಡಲು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಆ ಮಾಳ್ಯಾನ ಮಾತ ಕೇಳಿ ಕೆಟ್ಟೆ. ಡೀಲರ್ ಕಡೆ ತಿಂದಾನ ಮಗಾ." ಕೋರ್ಟಿನ ಕ್ಯಾಂಟೀನಿನಿಂದ ಮುಧೋಳದ ತನಕ ಸುದ್ದಿ ಹೋಯಿತು.

ಒಂದು ಮಧ್ಯಾಹ್ನ ಮೀನುಗಾರರ ಸಂಘದ ಹಿರಿಯರೊಬ್ಬರು ಮನೆಗೆ ಬಂದರು. ಟವೆಲ್ಲಿನ ತುದಿ ತಿರುವುತ್ತ ಕೇಳಿದರು.

"ವಕೀಲ್ರ, ಒಂದ ಮಾತು. ಮಾಳಪ್ಪ ಖರೇನ ದೊಡ್ಡದು ತಗೋರಿ ಅಂದಿದ್ನೇನ್ರಿ? ಅವ ನಮಗೆಲ್ಲಾ ಸಣ್ಣದ ಬೇಕಂತ ಹೇಳ್ಯಾನ. ಅದಕ್ಕ ಸಂಶೇ ಬಂತು."

"ನಿಮಗ ಒಂದು, ನಮಗ ಒಂದು ಹೇಳ್ಯಾನಂದ್ರ ತಿಳ್ಕೋರಿ," ಎಂದರು ಇವರು. "ಇಕಿ ಮುಂದನ ಹೇಳ್ಯಾನ. ಕೇಳ್ರಿ ಬೇಕಾದ್ರ."

ಹಿರಿಯರು ನನ್ನ ಕಡೆ ತಿರುಗಿದರು. ನಾನು ಚಹಾ ಬಸಿಯುತ್ತಿದ್ದೆ.

"ಸಕ್ಕರಿ ಎಷ್ಟು ಹಾಕಲ್ರಿ?" ಎಂದು ಕೇಳಿದೆ.

ಅವರು ಅದನ್ನೇ ಉತ್ತರವೆಂದು ತೆಗೆದುಕೊಂಡರು. ದೋಣಿಗಳ ಕೆಲಸ ಬೇರೆ ಊರಿನವನಿಗೆ ಹೋಯಿತು. ದಂಡೆಯ ಶೆಡ್ಡೂ ಅವನಿಗೇ. ಮಾಡಿದ ಪಾಪ ಒಂದು, ಮಾಡಬೇಕಾದದ್ದನ್ನು ಮಾಡದೆ ಬಿಟ್ಟ ಪಾಪ ಇನ್ನೊಂದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಎರಡು ಕಾಲಮ್ಮು ಹಾಕಿ ಕಲಿಸಿದ್ದರು. ನಾನು ಎರಡರಲ್ಲೂ ಪಾಸಾದೆ.

ಮಾಳಪ್ಪ ಎಲ್ಲಿಯೂ ಬಾಯಿ ಬಿಡಲಿಲ್ಲ. ಯಾರಾದರೂ ಕೆದಕಿದರೆ, "ಮುರದ ಎಂಜಿನ್ನ ಸುಮ್ಮ ಬಿದ್ದೈತಿ, ನಾ ಏನ ಮಾತಾಡ್ಲಿ?" ಎನ್ನುತ್ತಿದ್ದನಂತೆ. ಆ ದೀಪಾವಳಿಗೆ ನಾನು ಡ್ರೈವರನ ಕೈಯಲ್ಲಿ ಅವನ ಮನೆಗೆ ಒಂದು ಡಬ್ಬಿ ಕರಚಿಕಾಯಿ ಕಳಿಸಿದೆ. ಸ್ವತಃ ಹೋಗುವ ಧೈರ್ಯ ಇರಲಿಲ್ಲ. ಡಬ್ಬಿ ತಿರುಗಿ ಬಂತು, ತೊಳೆದು, ತುಂಬ ಹಸಿ ಶೇಂಗಾ ಹಾಕಿ. ನಮ್ಮ ಕಡೆ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಆ ಶೇಂಗಾ ತಿಂದದ್ದು ಇವರು. ನನಗೆ ಇಳಿಯಲಿಲ್ಲ.

ಆಮೇಲೆ ಒಂದು ದಿನ ನೋಡಿದರೆ ಅವನ ತಗಡಿನ ಅಂಗಡಿಯಲ್ಲಿ ಮೊಬೈಲ್ ರಿಪೇರಿಯವನಿದ್ದ. ಮಾಳಪ್ಪ ಬನಹಟ್ಟಿಗೆ ಹೋಗಿ ಮಗ್ಗದ ಮೋಟರುಗಳನ್ನು ರಿಪೇರಿ ಮಾಡುತ್ತಿದ್ದಾನೆ ಎಂದ.

ಅವನು ತೀರಿಕೊಂಡು ಈಗ ವರ್ಷವಾಗುತ್ತ ಬಂತು. ನಾನು ಅವನನ್ನು ಕೊನೆಯ ಸಲ ಕಂಡದ್ದು ನಮ್ಮ ಯಜಮಾನರು ತೀರಿಹೋದ ಮೇಲೆ. ಇನ್ನು ನಿಜ ಹೇಳಿದರೆ ನನ್ನ ಮನೆಯಲ್ಲಿ ಯಾರಿಗೂ ನೋವಿಲ್ಲ, ಯಾರ ಸಿಟ್ಟೂ ಇಲ್ಲ ಎಂದು ಲೆಕ್ಕ ಹಾಕಿ, ಜಮಖಂಡಿಯಿಂದ ಬಸ್ಸು ಹತ್ತಿ ಬನಹಟ್ಟಿಯಲ್ಲಿ ಇಳಿದೆ. ಓಣಿ ಓಣಿಯಲ್ಲೂ ಮಗ್ಗದ ಸದ್ದು. ಮೋಟರ್ ರಿಪೇರಿ ಮಾಳಪ್ಪ ಎಂದರೆ ಯಾರಿಗೂ ಗೊತ್ತಿಲ್ಲ. ಕಡೆಗೆ ಒಬ್ಬಳು ನೂಲಿನ ಕಟ್ಟು ಇಳಿಸಿ, "ಬೋಟ ಮಾಳಪ್ಪನೇನ್ರಿ? ವಕೀಲನ ಬೋಟ ಮುಳಗಿಸಿದಾವ? ಹಂಗನ್ರಿ ಮತ್ತ. ಅಕಾ, ಅಲ್ಲಿ," ಎಂದು ಬೆರಳು ತೋರಿಸಿದಳು.

ಶೆಡ್ಡಿನೊಳಗೆ ಹದಿನಾರು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಮಾಳಪ್ಪ ಒಂದು ಮೋಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದ. ನಾನು ತಡ ಮಾಡಲಿಲ್ಲ. ಅವನ ಮುಖದ ಹತ್ತಿರ ಹೋಗಿ, ಅಷ್ಟು ವರ್ಷ ಬಾಯೊಳಗಿದ್ದದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಸುಳ್ಳು ಹೇಳಿದ್ದು ನಾನು ಮಾಳಪ್ಪ. ನೀ ಸಣ್ಣದು ಅಂದಿದ್ದಿ. ನಿನ್ನ ಹೆಸರು ಕೆಡಿಸಿದಾಕಿ ನಾನು. ತಪ್ಪಾತು."

ಅವನು ನಗುತ್ತ ತಲೆಯಾಡಿಸಿದ. ಕಿವಿಯ ಕಡೆ ಬೆರಳು ತೋರಿಸಿ, ಇಲ್ಲ ಎಂದು ಕೈಯಾಡಿಸಿದ. ನನ್ನನ್ನು ಹೊರಗೆ ಕರೆದುಕೊಂಡು ಬಂದು, ಬಾಗಿಲು ಎಳೆದುಕೊಂಡ. ಮಗ್ಗದ ಮಾಲೀಕರೂ ಎದ್ದು ಬಂದರು. ಪಕ್ಕದ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತಿದ್ದರು.

"ನೀವ ಏನ್ರಿ ಆ ಬೋಟಿನ ಬಾಯಾರು?" ಮಾಲೀಕರು ನಕ್ಕರು. "ಇಂವಾ ರಿಪೇರಿ ಭೇಷ್ ಮಾಡ್ತಾನ್ರಿ. ಆದ್ರ ಹೊಸಾ ಮೋಟರ್ ಯಾವದು ತಗೋಳೂದಂತ ಮಾತ್ರ ನಾವು ಇವನ್ನ ಕೇಳೂದಿಲ್ಲ."

ಕಟ್ಟೆಯ ಮೇಲಿದ್ದವರೂ ನಕ್ಕರು. ಮಾಳಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ.

"ಒಳಗ ಏನೋ ಅಂದ್ರೆಲ್ಲಾ ಬಾಯಾರ? ಎರಡೂ ಕಿವಿ ಹೋಗ್ಯಾವ್ರಿ ಈಗ. ಜೋರ ಹೇಳ್ರಿ, ಸ್ವಲ್ಪ ತಿಳೀತೈತಿ."

ಅವನಿಗೆ ತಿಳಿಯಬೇಕಾದರೆ ಕೂಗಬೇಕು. ಕೂಗಿದರೆ ಕಟ್ಟೆಗೆ, ಮಾಲೀಕರಿಗೆ, ಇಡೀ ಓಣಿಗೆ ಕೇಳುತ್ತದೆ. ಅದೇ ಬೇಕಾಗಿದ್ದದ್ದು. ಅದಕ್ಕಿಂತ ಒಳ್ಳೆಯ ಕೋರ್ಟು ನನಗೆ ಎಲ್ಲಿಯೂ ಸಿಗುತ್ತಿರಲಿಲ್ಲ. ನಾನು ಬಾಯಿ ತೆರೆದೆ.

"ಆರಾಮ ಇದ್ದೀಯೇನು ಅಂದೆ," ಎಂದು ಕೂಗಿದೆ.

"ಆರಾಮ ಅದೀನ್ರಿ," ಎಂದ ಮಾಳಪ್ಪ. "ಅಷ್ಟ ಕೇಳಾಕ ಇಷ್ಟ ದೂರ ಬಂದ್ರ್ಯಾ?"

ಬಸ್ ಸ್ಟಾಪಿನ ತನಕ ನನ್ನ ಚೀಲ ಹಿಡಿದುಕೊಂಡು ಬಂದ. ಜಮಖಂಡಿಯ ಬಸ್ಸಿಗೆ ಕೈ ಮಾಡಿ ನಿಲ್ಲಿಸಿ, ನನ್ನನ್ನು ಹತ್ತಿಸಿ, ಕಿವುಡರು ಮಾತಾಡುವ ಹಾಗೆ ದೊಡ್ಡ ದನಿಯಲ್ಲಿ ಕಂಡಕ್ಟರನಿಗೆ ಹೇಳಿದ: "ಇವ್ರನ್ನ ಮುಂದ ಕೂಡಸ್ರಿ. ನಮ್ಮ ಪೈಕಿ ಮಂದಿ."