ನನ್ನ ಕೈಬರಹ ಅಲ್ಲವೆಂದ ದಿನ

ಇಂಗ್ಲಿಷಿನ ಹಳೆಯ ಪದ್ಯ, ನಾಟಕಗಳಲ್ಲಿ ಪ್ರೀತಿ ಎಂದರೇನು, ನಂಬಿಕೆ ಎಂದರೇನು ಎಂದು ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈಗ ಪ್ರೀತಿ ಎಂಬ ಶಬ್ದ ಕೇಳಿದರೆ ನನಗೆ ಸೊಂಟನೋವು ನೆನಪಾಗುತ್ತದೆ. ಮೊಗ್ರಾಲಿನಲ್ಲಿ ಹೆದ್ದಾರಿ ಬದಿಯ ಬೇಕರಿಯ ಮೇಲೆ ನಮ್ಮ ಟ್ಯೂಷನ್ ಸೆಂಟರ್. ಕಾಲೇಜಿಗೆ ಹೋಗಲಾಗದೆ ಮನೆಯಿಂದಲೇ ಬಿ.ಎ. ಪರೀಕ್ಷೆಗೆ ಕಟ್ಟುವವರು ಅಲ್ಲಿಗೆ ಬರುತ್ತಾರೆ. ಕಿಟಕಿ ತೆರೆದರೆ ರಸ್ತೆಯ ಧೂಳು, ಮುಚ್ಚಿದರೆ ಸೆಕೆ. ಇದರ ನಡುವೆ ನಿಂತು, ಪ್ರಿಯತಮೆಯ ಒಂದು ನೋಟಕ್ಕಾಗಿ ರಾಜ್ಯ ಬಿಟ್ಟುಕೊಟ್ಟವರ ಕತೆ ಹೇಳಬೇಕು. ಹೇಳುತ್ತೇನೆ. ಹೊಟ್ಟೆಪಾಡು.

ನಮ್ಮದು ಗಡಿನಾಡು, ಇಲ್ಲಿ ಒಂದು ವಿಶೇಷ ತೊಂದರೆ ಉಂಟು. ಪೇಟೆಯಲ್ಲಿ ಸಿಗುವ ಗೈಡುಗಳಲ್ಲಿ ಪದ್ಯದ ಅರ್ಥ ಇರುವುದು ಮಲೆಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಬಂದವರಿಗೆ ಆ ಇಂಗ್ಲಿಷೂ ಕಷ್ಟ, ಈ ಮಲೆಯಾಳವೂ ಕಷ್ಟ. ಆದ್ದರಿಂದ ನಾನು ಪ್ರತಿಯೊಂದು ಪದ್ಯದ ಅರ್ಥವನ್ನು ಬಿಡಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ. ಕವಿಯ ಹೆಸರು, ಪದ್ಯದ ಹೆಸರು ಹಾಳೆಯಲ್ಲಿ ಇರುತ್ತಿರಲಿಲ್ಲ. ಅದನ್ನು ತರಗತಿಯಲ್ಲಿ ಬಾಯಲ್ಲೇ ಹೇಳಿರುತ್ತಿದ್ದೆ. ಒಬ್ಬರ ಕೈಗೆ ಕೊಟ್ಟದ್ದು ಸಂಜೆಯೊಳಗೆ ಜೆರಾಕ್ಸ್ ಆಗಿ ಊರೆಲ್ಲ ತಿರುಗುತ್ತಿತ್ತು, ಮರುದಿನ ತರಗತಿಯಲ್ಲಿ ಬೆಂಚುಗಳು ಮಾತ್ರ. ಅದಕ್ಕೇ ಪ್ರತಿ ಹಾಳೆಯ ಕೊನೆಗೆ ಒಂದು ಸಾಲು ಸೇರಿಸುತ್ತಿದ್ದೆ: ಇದನ್ನು ಬೇರೆ ಯಾರಿಗೂ ತೋರಿಸಬೇಡ, ಓದಿದ ಮೇಲೆ ನನಗೇ ಹಿಂದೆ ಕೊಡು.

ಶಿರಿಯದಿಂದ ಒಬ್ಬಳು ಬರುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷ. ಗಂಡ ಮೀನಿನ ಪಿಕಪ್ ಓಡಿಸುವವ. ಬೆಳಗ್ಗಿನ ಕೆಲಸವೆಲ್ಲ ಮುಗಿಸಿ, ಅತ್ತೆಗೆ ಊಟ ಬಡಿಸಿಟ್ಟು, ಮಧ್ಯಾಹ್ನದ ಬಸ್ಸಿಗೆ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಎರಡು ಸಲ ಇಂಗ್ಲಿಷಿನಲ್ಲಿ ಫೇಲಾಗಿದ್ದಳು. ಈ ಸಲ ಪಾಸಾಗದಿದ್ದರೆ ಓದು ಸಾಕು ಎಂದು ಅತ್ತೆ ಹೇಳಿಯಾಗಿತ್ತು. ಪರೀಕ್ಷೆಗೆ ಮೂರು ವಾರ ಇತ್ತು. ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಕೆಮ್ಮಿದರೂ ಬರೆದುಕೊಂಡಾಳು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಆ ವಾರ ಪಾಠ ಒಂದು ನಾಟಕದ್ದು, ಹೆಂಡತಿಯನ್ನು ನಂಬದೆ ಮನೆ ಹಾಳುಮಾಡಿಕೊಂಡ ಗಂಡನ ಕತೆ. ಜತೆಗೆ ಒಂದು ಪ್ರೇಮಪದ್ಯ. ಪದ್ಯದ ಹಾಳೆಯನ್ನು ಅವಳಿಗೆ ಕೊಟ್ಟಿದ್ದೆ. ನೀನಿಲ್ಲದೆ ನನಗೆ ಬದುಕೇ ಬೇಡ, ನಿನ್ನನ್ನು ನೋಡದೆ ಕಣ್ಣು ಸೋತಿದೆ ಎಂಬಂಥ ಅರ್ಥ, ನನ್ನ ದುಂಡು ಅಕ್ಷರದಲ್ಲಿ. ಕೊನೆಗೆ ಯಾರಿಗೂ ತೋರಿಸಬೇಡ ಎಂಬ ಸಾಲು.

ಎರಡು ದಿನ ಕಳೆದು ಮಧ್ಯಾಹ್ನ ಅವಳ ಬದಲು ಅವಳ ಗಂಡ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಆ ಹಾಳೆಯನ್ನು ತೆಗೆದು ನನ್ನ ಮುಂದೆ ಇಟ್ಟ.

"ಮಾಷ್ಟ್ರೆ, ಇದು ಅವಳ ಪುಸ್ತಕದಲ್ಲಿ ಅಮ್ಮನಿಗೆ ಸಿಕ್ಕಿತು. ನೀವು ಬರೆದು ಕೊಟ್ಟದ್ದು, ಪದ್ಯದ ಅರ್ಥ ಅಂತ ಅವಳು ಹೇಳ್ತಾಳೆ. ಹೌದಾ?"

ಹೌದು ಎಂಬ ಎರಡಕ್ಷರ ಸಾಕಿತ್ತು. ನಾನು ಹಾಳೆಯನ್ನು ನೋಡಿದೆ. ಆ ಕೊನೆಯ ಸಾಲು ಕಣ್ಣಿಗೆ ಬಿತ್ತು. ನನಗೆ ಐವತ್ತೆಂಟು ವರ್ಷ, ಅವಳಿಗೆ ಇಪ್ಪತ್ತಾರು. ಊರು ಎಂತ ಹೇಳೀತು ಎಂಬುದು ತಲೆಯೊಳಗೆ ಸರಸರ ಓಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಕದಿಯದೆಯೇ ಮುಟ್ಟಿ ನೋಡಿಕೊಂಡೆ.

"ಇದು ನನ್ನ ಕೈಬರಹ ಅಲ್ಲ" ಎಂದೆ. "ಯಾರು ಬರೆದದ್ದೋ ನನಗೆ ಗೊತ್ತಿಲ್ಲ."

ಅವನು ಹಾಳೆಯನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿ ಕಿಸೆಗೆ ಹಾಕಿಕೊಂಡ. ಆಯ್ತು ಎಂದು ಹೇಳಿ ಮೆಟ್ಟಿಲಿಳಿದು ಹೋದ. ಬೈಯಲಿಲ್ಲ, ಮೇಜು ಕುಟ್ಟಲಿಲ್ಲ. ನಾಟಕದ ಗಂಡಂದಿರನ್ನು ಓದಿ ಓದಿ, ನಿಜವಾದ ಗಂಡನೊಬ್ಬ ಎದುರಿಗೆ ಬಂದಾಗ ನನಗೆ ಗುರುತೇ ಆಗಲಿಲ್ಲ.

ಸೆಂಟರ್ ನಡೆಸುವ ಚರಿತ್ರೆಯ ಮಾಷ್ಟ್ರಿಗೆ ವಿಷಯ ಹೇಳಿದೆ. ಅವರು ಚಹಾ ತರಿಸಿದರು.

"ಒಳ್ಳೆದಾಯ್ತು ಮಾರಾಯ. ಹೌದು ಅಂದಿದ್ರೆ ನಾಳೆಯಿಂದ ಇಲ್ಲಿಗೆ ಒಬ್ಬಳೂ ಬರ್ತಿರ್ಲಿಲ್ಲ."

ಚಹಾ ಕುಡಿದೆ. ಮೂರು ಗಂಟೆಗೆ ತರಗತಿ ಇತ್ತು. ನಂಬಿಕೆ ಎಂದರೆ ಸಾಕ್ಷಿ ಕೇಳದಿರುವುದು ಎಂದು ಅದೇ ನಾಟಕದ ಮುಂದಿನ ಭಾಗವನ್ನು ಪಾಠ ಮಾಡಿದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಮೊದಲ ಬೆಂಚು ಖಾಲಿ ಇತ್ತು. ನಾಚಿಕೆಯಾಯಿತು ಎಂದರೆ ಕಡಿಮೆಯಾದೀತು. ನನ್ನ ಸ್ವರವೇ ನನಗೆ ಹೇಸಿಗೆಯಾಯಿತು. ಸತ್ಯ ಹೇಳಿದವಳನ್ನು ಅವಳ ಗಂಡನ ಮುಂದೆ ನಾನು ಸುಳ್ಳಿ ಮಾಡಿ ಕಳಿಸಿದ್ದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನೀವು ಬರೆದದ್ದು ಅಂತ ನೀವು ಹೇಳದಿದ್ರೆ ಮತ್ತೆ ಯಾರು ಹೇಳ್ಬೇಕು?" ಎಂದಳು. "ನನ್ನತ್ರ ಹೇಳಿ ಎಂತ ಪ್ರಯೋಜನ? ಬೆಳಿಗ್ಗೆ ಹೋಗಿ ಅಲ್ಲಿ ಹೇಳಿ."

ಬೆಳಿಗ್ಗೆ ಪಠ್ಯಪುಸ್ತಕ, ಉಳಿದ ಪದ್ಯಗಳ ಹಾಳೆಗಳು, ಒಂದು ಪೆನ್ನು ಚೀಲಕ್ಕೆ ಹಾಕಿಕೊಂಡು ಶಿರಿಯದ ಬಸ್ಸು ಹತ್ತಿದೆ. ಹೊಳೆಯ ಬದಿಯ ಮನೆ. ಅವನು ಅಂಗಳದಲ್ಲಿ ಮೀನಿನ ಪೆಟ್ಟಿಗೆಗಳಿಗೆ ಪೈಪಿನಿಂದ ನೀರು ಬಿಡುತ್ತಿದ್ದ. ಅವಳು ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಬನ್ನಿ ಎನ್ನಲಿಲ್ಲ.

ನಾನು ಜಗಲಿಯ ಮೇಲೆ ಕೂತು, ಪುಸ್ತಕ ಬಿಡಿಸಿ ಆ ಪದ್ಯ ತೋರಿಸಿದೆ. ಖಾಲಿ ಹಾಳೆಯಲ್ಲಿ ಅದೇ ಸಾಲುಗಳನ್ನು ಬರೆದು ಅವನ ಮುಂದೆ ಹಿಡಿದೆ.

"ನಾನೇ ಬರೆದದ್ದು. ನಿನ್ನೆ ಹೆದರಿ ಸುಳ್ಳು ಹೇಳಿದೆ. ಇವಳದ್ದು ಏನೂ ತಪ್ಪಿಲ್ಲ."

ಅವನು ನೀರು ನಿಲ್ಲಿಸಿ ಕೈ ಒರೆಸಿಕೊಂಡ. ಹಾಳೆಯನ್ನು ಮುಟ್ಟಲಿಲ್ಲ.

"ನಂಗೆ ನಿನ್ನೆಯೇ ಗೊತ್ತುಂಟು ಮಾಷ್ಟ್ರೆ."

"ಅಕ್ಷರ ನೋಡಿಯಾ?"

"ಅಕ್ಷರ ಎಲ್ಲ ನಂಗೆ ಎಂತ ಗೊತ್ತಾಗ್ತದೆ? ಅವಳು ಹೇಳಿದ್ಲಲ್ಲ."

ಇಷ್ಟೇ ಹೇಳಿದ. ಮೂವತ್ತು ವರ್ಷ ನಾನು ಪುಟಗಟ್ಟಲೆ ನೋಟ್ಸ್ ಕೊಟ್ಟು ವಿವರಿಸಿದ ಮಾತು ಇದು. ಹಾಗಾದರೆ ನಿನ್ನೆ ಯಾಕೆ ಬಂದು ಕೇಳಿದಿರಿ ಎಂದೆ.

"ಅಮ್ಮನಿಗೆ ಹೇಳ್ಲಿಕ್ಕೆ ನಿಮ್ಮ ಒಂದು ಮಾತು ಬೇಕಿತ್ತು. ಮಾಷ್ಟ್ರು ಹೌದು ಅಂದ್ರು ಅಂದಿದ್ರೆ ಅಲ್ಲಿಗೆ ಮುಗೀತಿತ್ತು."

ಒಳಗಿದ್ದ ಅವನ ತಾಯಿ ಬಾಗಿಲಿಗೆ ಬಂದರು. ನಾನು ಎದ್ದು ನಿಂತು ಅದನ್ನೇ ಅವರಿಗೂ ಹೇಳಿದೆ, ಪುಸ್ತಕವನ್ನೂ ತೋರಿಸಿದೆ. ಅವರು ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದರು.

"ನಿನ್ನೆ ಅಲ್ಲ ಅಂದ್ರಿ, ಇವತ್ತು ಹೌದು ಅಂತೀರಿ. ನಾಳೆ ಎಂತ ಹೇಳ್ತೀರಿ?"

ನಾನು ಪುಸ್ತಕ ಮುಚ್ಚಿದೆ. ಅವರು ಒಳಗೆ ಹೋದರು.

"ಇವಳು ಪರೀಕ್ಷೆ ಬರೀತಾಳೆ. ಅಮ್ಮನಿಗೆ ನಾನು ಹೇಳಿ ಒಪ್ಪಿಸ್ತೇನೆ" ಎಂದ ಅವನು. "ಆದ್ರೆ ನಿಮ್ಮತ್ರ ಕಳಿಸುದಿಲ್ಲ. ಬೇಜಾರು ಮಾಡ್ಬೇಡಿ."

ಬೇಜಾರು ಮಾಡುವ ಹಕ್ಕು ನನಗೆಲ್ಲಿತ್ತು? ಪರೀಕ್ಷೆಯಾದರೂ ಬರೆಯುತ್ತಾಳಲ್ಲ ಎಂದು ಚೀಲದಿಂದ ಉಳಿದ ಹಾಳೆಗಳನ್ನು ತೆಗೆದೆ. ಹನ್ನೊಂದು ಪದ್ಯ, ಎರಡು ನಾಟಕ, ಎಲ್ಲದರ ಅರ್ಥ ಅದರಲ್ಲಿತ್ತು. ಈ ಸಲ ಮೇಲೆ ಕವಿಗಳ ಹೆಸರನ್ನೂ ಬರೆದಿದ್ದೆ. ಇದಿಷ್ಟು ಓದಿದರೆ ಸಾಕು, ಖಂಡಿತ ಪಾಸಾಗುತ್ತೀ ಎಂದು ಅವಳ ಕಡೆಗೆ ಚಾಚಿದೆ.

ಅವಳು ಕಂಬದ ಹತ್ತಿರದಿಂದ ಕದಲಲಿಲ್ಲ. ಹಾಳೆಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ಬೇಡ ಸರ್" ಎಂದಳು. "ನೀವು ಬರೆದದ್ದೆಲ್ಲ ಸರಿ ಅಂತ ಒಂದೂ ಯೋಚಿಸದೆ ಬಾಯಿಪಾಠ ಮಾಡ್ತಿದ್ದೆ. ಇನ್ನು ನಂಗೆ ಹಾಗೆ ಓದ್ಲಿಕ್ಕೆ ಆಗುದಿಲ್ಲ."