ಫಿನ್‌ಲೆಂಡಿನ ಗೆರೆ, ನಮ್ಮ ಗೆರೆ

ನನಗೂ ಗ್ರಾಫಿಗೂ ಸ್ಕೂಲಿನಿಂದಲೇ ಆಗಿಬರದು. ಗೆರೆ ಮೇಲೆ ಹೋದರೆ ಎಲ್ಲರೂ ಹಿಗ್ಗುತ್ತಾರೆ, ಕೆಳಗಿಳಿದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಜ್ವರದ ಚಾರ್ಟಿನಲ್ಲಿ ಮಾತ್ರ ಇದು ತಿರುಗುಮುರುಗು. ಅಂಥವಳನ್ನು ಕಳೆದ ವರ್ಷ ಒಂದು ಗ್ರಾಫು ಮನೆಬಾಗಿಲಿಗೇ ಹುಡುಕಿಕೊಂಡು ಬಂತು. ತಂದವರು ನಮ್ಮ ಭಾವ, ಯಜಮಾನರ ಅಣ್ಣ. ಬ್ಯಾಂಕಿನಿಂದ ರಿಟೈರಾಗಿ ಜಯನಗರದಲ್ಲಿದ್ದಾರೆ. ಬೆಳಗಿನ ವಾಕಿಂಗ್ ಮುಗಿಸಿ, ಉಳಿದ ಹೊತ್ತೆಲ್ಲ ಟ್ಯಾಬಿನಲ್ಲಿ ಲೋಕದ ಆರ್ಥಿಕ ಸ್ಥಿತಿ ವಿಚಾರಿಸಿಕೊಳ್ಳುತ್ತಾರೆ.

ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯ ಕೆಳಗೆ ರಟ್ಟಿನ ಸ್ವೀಟ್ ಬಾಕ್ಸ್ ಮಾಡುವ ಸಣ್ಣ ಯೂನಿಟ್ ಇದೆ. ಶುರುಮಾಡಿದ್ದು ಯಜಮಾನರು, ಅವರು ಹೋದ ಮೇಲೆ ನಾನು ನಡೆಸುತ್ತಿದ್ದೇನೆ. ಜಾಗ ಮಾತ್ರ ನನಗೂ ಭಾವನಿಗೂ ಜಂಟಿ.

ಟ್ಯಾಬಿನಲ್ಲಿ ಎರಡು ಗೆರೆ ಇದ್ದವು. ಕಾಗದ, ರಟ್ಟು ಹೊರದೇಶಕ್ಕೆ ಮಾರುವುದರಲ್ಲಿ ಫಿನ್‌ಲೆಂಡ್ ಎಲ್ಲಿ, ಭಾರತ ಎಲ್ಲಿ ಎಂದು ವರ್ಷವರ್ಷದ ಹೋಲಿಕೆ. ಅವರದು ಆಕಾಶದಲ್ಲಿತ್ತು. ನಮ್ಮದು ನೆಲ ಬಿಟ್ಟು ಏಳಲು ಹೆಣಗುತ್ತಿತ್ತು.

“ನೋಡಮ್ಮ ಸುಮಾ, ಇದು ನಮ್ಮ ದೇಶಕ್ಕೇ ಒಗ್ಗದ ವ್ಯಾಪಾರ. ಮುಚ್ಚಿಬಿಡು. ಪಿ.ಜಿ. ಹಾಸ್ಟೆಲ್ ನಡೆಸೋರು ಜಾಗ ಕೇಳ್ತಿದ್ದಾರೆ, ಕೊಟ್ಟುಬಿಡೋಣ” ಅಂದರು ಭಾವ.

ಉಪ್ಪಿಟ್ಟು ಕೊಟ್ಟು ಕಳಿಸಿದೆ. ಗೆರೆಗಳು ಮಾತ್ರ ತಲೆ ಬಿಟ್ಟು ಹೋಗಲಿಲ್ಲ. ರಟ್ಟು ಕತ್ತರಿಸುವಾಗಲೂ ಅದೇ, ಬಸ್ಸಿಗೆ ಕಾಯುವಾಗಲೂ ಅದೇ. ಫಿನ್‌ಲೆಂಡಿನಲ್ಲಿ ಕಾಡು ಜಾಸ್ತಿ, ಜನ ಕಡಿಮೆ. ಮಾಡಿದ್ದನ್ನು ಹೊರಗೆ ಕಳಿಸದೆ ಪಾಪ, ಏನು ಮಾಡಿಯಾರು? ನಮ್ಮಲ್ಲಿ ಹಾಗಲ್ಲ. ಮಗು ಹುಟ್ಟಿದರೆ ಪೇಡ, ಅದು ಪಾಸಾದರೆ ಮೈಸೂರುಪಾಕು, ಸ್ಕೂಟರ್ ಕೊಂಡರೂ ಬೀದಿಗೆಲ್ಲ ಲಾಡು. ನನ್ನ ಡಬ್ಬಗಳು ಪಕ್ಕದ ಬನಶಂಕರಿ ದಾಟುವ ಮೊದಲೇ ಖರ್ಚಾಗುತ್ತವೆ. ಮನೆಮಂದಿಗೆ ಬಡಿಸಿದ ಅನ್ನವನ್ನು ರಫ್ತಿನ ಗ್ರಾಫು ಹೇಗೆ ತೋರಿಸೀತು? ಅಷ್ಟಕ್ಕೂ ನಮ್ಮ ಗೆರೆ ತಡವರಿಸುತ್ತಲಾದರೂ ಮೇಲೇರುತ್ತಿತ್ತು. ಭಾವ ಎತ್ತರ ನೋಡಿದ್ದರು, ನಡಿಗೆ ನೋಡಿರಲಿಲ್ಲ.

ಮುಂದಿನ ವಾರ ಅವರು ಪಿ.ಜಿ.ಯವನನ್ನೇ ಕರೆತಂದರು. ಅವನು ಅಳತೆ ಟೇಪು ಬಿಚ್ಚಿ, ಡಬ್ಬ ಮಡಿಸುತ್ತಿದ್ದ ಮಂಜುಳಾಗೆ, “ಅಕ್ಕ, ಸ್ವಲ್ಪ ಪಕ್ಕಕ್ಕೆ ಬನ್ನಿ, ಇಲ್ಲಿ ಮಂಚ ಬರುತ್ತೆ” ಅಂದ. ಇದೇ ಕೆಲಸ ನಂಬಿಕೊಂಡು ಹೆಣ್ಣುಮಕ್ಕಳಿಬ್ಬರನ್ನೂ ಕಾಲೇಜಿಗೆ ಸೇರಿಸಿದವಳು ಮಂಜುಳಾ. ಕೈಯಲ್ಲಿದ್ದ ಡಬ್ಬ ಹಿಡಿದುಕೊಂಡೇ ನನ್ನ ಮುಖ ನೋಡಿದಳು.

“ಅಲ್ಲೇ ಕೂತ್ಕೊ ಮಂಜುಳಾ” ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. “ಭಾವ, ಪಿ.ಜಿ. ಕರಾರಿಗೆ ನಾನು ಸೈನ್ ಹಾಕಲ್ಲ. ನಿಮ್ಮ ಪಾಲಿನ ಬಾಡಿಗೆ ತಿಂಗಳು ತಿಂಗಳು ಕೊಡ್ತೀನಿ. ಯೂನಿಟ್ ಮುಚ್ಚಲ್ಲ.”

“ಫಿನ್‌ಲೆಂಡ್ ಜೊತೆ ಪೈಪೋಟಿ ಮಾಡ್ತೀಯಾ?”

“ಇಲ್ಲ ಭಾವ, ಅವರು ಅವರ ಪಾಡಿಗಿರಲಿ. ನನಗೆ ಶುಕ್ರವಾರ ಮದುವೆ ಆರ್ಡರ್ ಇದೆ.”

ಪಿ.ಜಿ.ಯವನು ಟೇಪು ಸುತ್ತಿಕೊಂಡು ಹೊರಟ. ಭಾವ ಕೆಲವು ತಿಂಗಳು ಮಾತು ಬಿಟ್ಟರು, ಬಾಡಿಗೆ ಬಿಡಲಿಲ್ಲ. ಆ ಸಿಟ್ಟಿಗೋ ಹುಮ್ಮಸ್ಸಿಗೋ, ನಾನು ಇನ್ನೊಂದು ಹಳೆಯ ಮೆಷಿನ್ ತಂದು ಹಾಕಿಸಿದೆ.

ಮೊನ್ನೆ ದಸರಾ ಆರ್ಡರಿನ ಗಡಿಬಿಡಿಯಲ್ಲಿದ್ದಾಗ ಭಾವ ತಾವಾಗಿಯೇ ಬಂದರು. ಎರಡೂ ಮೆಷಿನ್ ಓಡುತ್ತಿದ್ದವು. ಬಾಗಿಲಲ್ಲಿ ನಿಂತು ಏನೋ ಅಂದರು, ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿಕೊಳ್ಳಲೆಂದು ಮೆಷಿನ್ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಒಂದು ಸ್ಟೂಲು ಎಳೆದು ಅವರ ಮುಂದಿಟ್ಟೆ.