ಸಹಿ ಹಾಕದ ಸೊಸೆ

ಗೋವೆಯಲ್ಲಿ ಒಂದು ಕಾನೂನಿದೆ. ಗಂಡನ ಪಾಲಿಗೆ ಬಂದ ಜಮೀನು ಮಾರಬೇಕಾದರೆ ಹೆಂಡತಿಯ ಸಹಿಯೂ ಬೇಕು. ಪೋರ್ತುಗೀಜರು ಬಿಟ್ಟುಹೋದದ್ದರಲ್ಲಿ ಪಾವ್ ಒಂದನ್ನು ಬಿಟ್ಟರೆ ನನಗೆ ಹಿಡಿಸಿದ್ದು ಇದೊಂದೇ. ಮದುವೆಯಾಗಿ ಬಂದಾಗ ಇದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು, ಒಂದು ಕ್ರಿಸ್‌ಮಸ್ಸಿನ ಮರುದಿನ ನಮ್ಮ ಹಿರಿಯ ಭಾವ ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿ, "ಎಲ್ಲರೂ ಸಹಿ ಹಾಕಿ, ಗದ್ದೆ ಮಾರಿಬಿಡೋಣ" ಎಂದಾಗ.

ನನ್ನ ತವರು ಧಾರವಾಡದ ಕಡೆ. ಅಪ್ಪ ಗೋವೆಗೆ ಬಂದು ಫೋಂಡಾ ಪೇಟೆಯಲ್ಲಿ ಜೋಳ, ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಮಾರುವ ಅಂಗಡಿಕಾರ. ನನ್ನ ಗಂಡ ಕುಂಡಯಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವನು, ಹೊಳೆ ದಂಡೆಯ ಕ್ರಿಶ್ಚಿಯನ್ ರೈತ ಮನೆಯ ಮೂರನೇ ಮಗ. ದೊಡ್ಡ ಮನೆ ಅದು: ಅತ್ತೆ, ನಾಲ್ವರು ಗಂಡುಮಕ್ಕಳು, ಅವರ ಹೆಂಡಿರು, ಲೆಕ್ಕ ತಪ್ಪುವಷ್ಟು ಮಕ್ಕಳು. ಅಡುಗೆಮನೆ ಮಾತ್ರ ಒಂದೇ. ಅತ್ತೆಯನ್ನು ಮಕ್ಕಳು ಮೊಮ್ಮಕ್ಕಳೆಲ್ಲ ಮಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಕುಂಕುಮದ ಬಗ್ಗೆ ಆ ಮನೆಯಲ್ಲಿ ಯಾರೂ ಒಂದು ಮಾತಾಡಲಿಲ್ಲ, ಅದು ಅವರ ದೊಡ್ಡತನ. ಆದರೆ ಘಟ್ಟದ ಮೇಲಿಂದ ಕೂಲಿಗೆ ಬರುವ ನಮ್ಮ ಕಡೆಯವರಿಗೆ ಗೋವೆಯಲ್ಲಿ ಒಂದು ಹೆಸರಿದೆ, ಘಾಂಟಿ ಅಂತ. ಓರಗಿತ್ತಿಯರ ಬಾಯಲ್ಲಿ ಅದು ಸಲೀಸಾಗಿ ಬರುತ್ತಿತ್ತು. ಆಮೇಲೆ ನನ್ನ ಕಡೆ ನೋಡಿ, "ನಿನಗಲ್ಲ ಹಾಂ" ಎನ್ನುತ್ತಿದ್ದರು. ನನಗಲ್ಲದಿದ್ದರೆ ಇನ್ನಾರಿಗಮ್ಮ? ಮಾಯ್ ಮಾತ್ರ ಆ ಪದ ಆಡಿದ್ದನ್ನು ನಾನು ಕೇಳಿರಲಿಲ್ಲ.

ಭಾವನ ಕಷ್ಟವೂ ಸುಳ್ಳಲ್ಲ. ಅವನ ಲಾರಿ ಡಿಚೋಲಿಯ ಗಣಿಯಿಂದ ಅದಿರು ಸಾಗಿಸುತ್ತಿತ್ತು. ಗಣಿ ನಿಂತ ಮೇಲೆ ಲಾರಿ ಹಿತ್ತಲಲ್ಲಿ ನಿಂತು, ಅದರ ಚಕ್ರದ ಸುತ್ತ ಹುಲ್ಲು ಬೆಳೆದಿತ್ತು. ಎರಡನೆಯವನು ಹಡಗಿನಲ್ಲಿ, ಕಿರಿಯವನು ಪೋರ್ತುಗೀಜ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನಲ್ಲಿ. ಮನೆ ತುಂಬ ಮಂದಿ, ಗದ್ದೆಗೆ ಇಳಿಯಲು ಒಬ್ಬರಿಲ್ಲ. "ಬೀಳು ಬಿದ್ದ ಗದ್ದೆಯನ್ನು ಪೂಜೆ ಮಾಡುವುದಾ?" ಎಂದ ಭಾವ.

ಮಾಯ್ ತಲೆ ಎತ್ತಲಿಲ್ಲ. "ಒಂದು ವರ್ಷ ಕೊಡು. ಈ ಮಳೆಗಾಲ ಬಿತ್ತೋಣ. ಬೆಳೆ ಬಂದರೆ ಗದ್ದೆ ಇರಲಿ. ಬರದಿದ್ದರೆ ಮುಂದಿನ ಕ್ರಿಸ್‌ಮಸ್ಸಿಗೆ ನಾನೇ ಮೊದಲು ಸಹಿ ಹಾಕುತ್ತೇನೆ," ಎಂದಳು. ಗಂಡ ಸತ್ತ ಮೇಲೆ ಅವಳು ಏನನ್ನೂ ಕೇಳಿದವಳಲ್ಲ. ಭಾವ ಕಾಗದ ಮಡಿಚಿದ.

ಜೂನ್ ಬಂತು. ಸಸಿ ಮಡಿಯಲ್ಲಿ ಹಸಿರಾಗಿ ಎದ್ದು ನಿಂತಿತು, ಕಿತ್ತು ನೆಡುವವರಿಲ್ಲ. ಒಂದು ಬೆಳಿಗ್ಗೆ ಮಾಯ್ ನನ್ನ ಹತ್ತಿರ ಬಂದು, "ನಿನ್ನ ಜನರನ್ನು ಕರೆದುಕೊಂಡು ಬಾ," ಎಂದಳು. ಮೈ ಉರಿಯಿತು. ನನ್ನ ಜನ ಅಂತೆ! ನಮ್ಮ ವಂಶದಲ್ಲಿ ತಕ್ಕಡಿ ಬಿಟ್ಟು ಬೇರೆ ಹಿಡಿದವರಿಲ್ಲ. ಆದರೆ ಅವಳ ಮುಖ ನೋಡಿ ಸುಮ್ಮನೆ ಚಪ್ಪಲಿ ಮೆಟ್ಟಿದೆ.

ಉಸಗಾಂವದಲ್ಲಿ ತಗಡಿನ ಖೋಲಿಗಳಲ್ಲಿ ಗಂಗಾವತಿ ಕಡೆಯ ಹೆಂಗಸರಿದ್ದರು, ಅಪ್ಪನ ಅಂಗಡಿಯ ಗಿರಾಕಿಗಳು. ಭತ್ತದ ಕೆಲಸ ಬಲ್ಲವರು, ಇಲ್ಲಿ ಕಟ್ಟಡಕ್ಕೆ ಬುಟ್ಟಿ ಹೊರುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು, ಎಲೆಯಡಿಕೆ ಬಾಯಿಯವಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಜ್ವಾಳದ ಅಂಗಡಿ ಸಾವ್ಕಾರ್ರ ಮಗಳಲ್ಲೇನ್ರಿ ನೀವು? ಕಿರಸ್ತಾನರ ಮನ್ಯಾಗ ಭತ್ತಾ ಹಚ್ಚಾಕತ್ತೀರಿ?"

"ನಾ ಹಚ್ಚಂಗಿಲ್ಲ ಯವ್ವಾ, ನೀವು ಹಚ್ಚಬೇಕು," ಎಂದೆ.

"ಹಂಗಾರ ಬರ್ತೀವಿ ತಗೋರಿ. ಇಟ್ಟಂಗಿ ಹೊತ್ತು ಹೊತ್ತು ಕೈ ಮಣ್ಣ ಮರ್ತಾವ."

ನಾಟಿ ನಡೆಯಿತು. ಜಿಟಿಜಿಟಿ ಮಳೆಯಲ್ಲಿ ಅವರ ಹಾಡು ಹೊಳೆಯಾಚೆಗೂ ಕೇಳುತ್ತಿತ್ತು. ಮಾಯ್ ಕೊಡೆ ಹಿಡಿದು ಬದುವಿನ ಮೇಲೆ ನಿಂತೇ ಇರುತ್ತಿದ್ದಳು. ಕೊನೆಯ ದಿನ ನನ್ನ ಮಗಳು, ಆಗ ಐದು ವರ್ಷದವಳು, ಕೆಸರಲ್ಲಿ ಕುಣಿಯುತ್ತ, "ನಾನು ದೊಡ್ಡವಳಾದ ಮೇಲೆ ಘಾಂಟಿ ಆಗ್ತೀನಿ!" ಎಂದು ಕೂಗಿದಳು. ಭತ್ತ ನಾಟಿ ಮಾಡುವವರಿಗೆ ಆ ಹೆಸರು ಎಂದು ಅವಳು ತಿಳಿದಿದ್ದಳು, ಪಾಪ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲೆಯಡಿಕೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು: "ಆಗವ್ವಾ ಆಗು, ಆದ್ರ ನಡಾ ಗಟ್ಟಿ ಇರಬೇಕ್ ನೋಡು!" ಮಾಯ್ ಮಾತ್ರ ಮೊಮ್ಮಗಳನ್ನು ದರದರ ಎಳೆದುಕೊಂಡು ಮನೆಗೆ ಹೋದಳು.

ಆಗಸ್ಟಿನಲ್ಲಿ ಪಾದ್ರಿಗಳು ಹೊಸ ತೆನೆಗಳನ್ನು ಹರಸಿ ಮನೆಮನೆಗೆ ಹಂಚುವ ಹಬ್ಬ. ಭಾವ ಬಿಳಿ ಅಂಗಿ ತೊಟ್ಟು ತೆನೆ ತಂದು ದೇವರ ಗೂಡಿನಲ್ಲಿಟ್ಟ. ಗದ್ದೆ ನೋಡಿ ಹೋದವರೆಲ್ಲ ಅವನ ಬೆನ್ನು ತಟ್ಟಿದರು. ಕೈ ಕೆಸರಾದದ್ದು ಯಾರದು, ಬಾಯಿ ಮೊಸರಾದದ್ದು ಯಾರದು! ಆದರೂ ನನಗೆ ಸಂತೋಷವೇ ಆಗಿತ್ತು. ಗದ್ದೆ ಉಳಿಯುತ್ತದೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ತಿರುಗಿ ಬಂತು. ಪೈರು ಮಲಗಿತು. ಯಂತ್ರ ಗದ್ದೆಗಿಳಿದರೆ ಹೂತುಹೋಗುತ್ತದೆ, ಕುಡುಗೋಲೇ ಗತಿ. ಮತ್ತೆ ಉಸಗಾಂವಕ್ಕೆ ಓಡಿದೆ, ಅವರೂ ಬಂದರು. ಮೊಣಕಾಲು ನೀರಿನಲ್ಲಿ ನಿಂತು ಕೊಯ್ಯುವುದು ನಿಧಾನದ ಕೆಲಸ. ಎರಡನೇ ದಿನ ಭಾವ ಬದುವಿಗೆ ಬಂದು ನನ್ನ ಗಂಡನಿಗೆ ಕೊಂಕಣಿಯಲ್ಲಿ ಹೇಳಿದ: "ಘಾಂಟಿಗಳನ್ನು ನಂಬಿದರೆ ಹೀಗೇ. ಬೇಕೆಂದೇ ಎಳೆಯುತ್ತಾರೆ. ಕಳ್ಳ ಜಾತಿ." ಅವರಿಗೆ ತಿಳಿಯದು ಎಂದು ಅವನ ಭಾವನೆ. ಗೋವೆಯಲ್ಲೇ ತಲೆ ನರೆತ ಎಲೆಯಡಿಕೆಯವಳಿಗೆ ಕೊಂಕಣಿ ಬಾರದೇ? ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ಕುಡುಗೋಲು ಸೆರಗಿಗೆ ಒರೆಸಿದಳು.

"ನಡ್ರೇ ಹೋಗೂಣು. ಈ ಅನ್ನ ಉಂಡ್ರ ದಕ್ಕಂಗಿಲ್ಲ."

ಅರ್ಧ ಗದ್ದೆ ನೀರಿನಲ್ಲೇ ಉಳಿಯಿತು. ಮನೆಯವರೆಲ್ಲ ನನ್ನತ್ತ ತಿರುಗಿದರು, ಹೋಗಿ ಕರೆದುಕೊಂಡು ಬಾ ಅಂತ. ನಾನು ಆಗುವುದಿಲ್ಲ ಎಂದೆ. ಅಂದವನು ಹೋಗಲಿ. ಸೌಟು ಎತ್ತಿ ಕುಕ್ಕಿಯೇ ಹೇಳಿದೆ, ಮುಚ್ಚಿಡುವುದೇನು. ನನ್ನ ಗಂಡ ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ಆ ಎರಡು ದಿನವೂ ಮಳೆ ಸುರಿಯಿತು.

ಮೂರನೇ ಬೆಳಿಗ್ಗೆ ಮಾಯ್ ಇಗರ್ಜಿಗೆ ಹೋಗುವ ಬಟ್ಟೆ ತೊಟ್ಟು, "ಬಾ, ದಾರಿ ತೋರಿಸು," ಎಂದಳು. ಬಸ್ಸು ಹಿಡಿದು ಉಸಗಾಂವಕ್ಕೆ ಹೋದೆವು. ಖೋಲಿಯ ಮುಂದೆ ನಿಂತು, ಎಲೆಯಡಿಕೆಯವಳ ಕೈ ಹಿಡಿದು, "ನನ್ನ ಮಗನ ನಾಲಿಗೆ ಕೆಟ್ಟದ್ದು. ತಾಯಿ ನಾನು, ನಾನೇ ಮಾಫಿ ಕೇಳುತ್ತೇನೆ," ಎಂದಳು. ಕೊಂಕಣಿಯಲ್ಲೇ ಹೇಳಿದಳು. ಆ ಹೆಂಗಸು ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಹಿರೇ ಜೀವ ಹಿಂಗ ನಿಂದ್ರಬಾರ್ದ್ರೀ, ಒಳಗ ಬರ್ರಿ, ಚಾ ಕುಡೀರಿ," ಎಂದಳು. ಮಾಯ್ ಒಳಗೆ ಹೋಗಿ, ನೆಲದ ಮೇಲೆ ಕೂತು ಚಹಾ ಕುಡಿದಳು. ಆ ದಿನ ನಾನು ಅವಳಿಗೆ ಪೂರಾ ಸೋತೆ.

ಅವರು ಬಂದು ಉಳಿದದ್ದನ್ನು ಕೊಯ್ದರು, ಆದರೆ ತೆನೆಯಲ್ಲೇ ಮೊಳಕೆ ಬಂದಿತ್ತು. ಹಂದಿಗೆ ಹಾಕುವುದಕ್ಕೆ ಮಾತ್ರ ಲಾಯಕ್ಕು. ಕಣಜ ಅರ್ಧವೂ ತುಂಬಲಿಲ್ಲ. ಭಾವ ಕಣದಲ್ಲಿ ನಿಂತು ಒಂದು ಹಿಡಿ ಮೊಳಕೆ ಕಾಳು ಎತ್ತಿ ನೋಡಿ, ಒಳಗೆ ಹೋದ.

ಮತ್ತೆ ಕ್ರಿಸ್‌ಮಸ್ ಬಂತು. ಹಡಗಿನವನೂ ಇಂಗ್ಲೆಂಡಿನವನೂ ಬಂದರು. ಬೆಲ್ಲ, ತೆಂಗಿನಹಾಲು ಹಾಕಿ ದೊದೋಲ್ ಕಲಕಿದೆವು, ನಮ್ಮ ಕರ್ಜಿಕಾಯಿಯಂಥ ನೆವ್ರಿ ಕರಿದೆವು. ತಿಂದರೂ ಯಾರ ಮುಖದಲ್ಲೂ ಕಳೆಯಿಲ್ಲ, ಮರುದಿನ ಕಾಗದ ಹೊರಬರುತ್ತದೆಂದು ಎಲ್ಲರಿಗೂ ಗೊತ್ತು. ಹಬ್ಬದ ಮಧ್ಯಾಹ್ನ ಮಾಯ್ ಹಂದಿಗಳಿಗೆ ಗಂಜಿ ಹಾಕಲು ನನ್ನನ್ನು ಹಿತ್ತಲಿಗೆ ಕರೆದಳು. (ನಾನು ಹಂದಿಗೆ ಗಂಜಿ ಹಾಕುವುದು ನನ್ನ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.)

"ನಾಳೆ ನಾನು ಸಹಿ ಹಾಕುತ್ತೇನೆ," ಎಂದಳು. "ಮಾತು ಕೊಟ್ಟಿದ್ದೇನೆ. ನಾಲ್ಕೂ ನಾನು ಹೆತ್ತವು, ಬೇಡ ಅನ್ನಲು ಬಾಯಿ ಬರುವುದಿಲ್ಲ."

ನಾನು ಬಕೆಟ್ ಕೆಳಗಿಟ್ಟೆ.

"ನೀನು ಹೆತ್ತಿಲ್ಲ. ನೀನು ಹೊರಗಿನವಳು. ನೀನು ಬೇಡ ಅನ್ನಬಹುದು."

"ಮಾಯ್!"

"ಒಂದು ಸಹಿ ಕಡಿಮೆಯಾದರೆ ಮಾರಾಟವಿಲ್ಲ. ಎಲ್ಲರೂ ನಿನ್ನ ಮೇಲೆ ಬೀಳುತ್ತಾರೆ. ನಾನೂ ಬೈಯುತ್ತೇನೆ. ಬೈಯಲೇಬೇಕು, ಇಲ್ಲದಿದ್ದರೆ ನಾನೇ ಹೇಳಿಕೊಟ್ಟೆ ಎಂದು ತಿಳಿಯುತ್ತಾರೆ. ತಡೆದುಕೊಳ್ಳುತ್ತೀಯಾ?"

ತಡೆದುಕೊಳ್ಳುತ್ತೇನೆ ಎಂದೆ. ಗದ್ದೆಗಾಗಿ ಅಲ್ಲ. ಆ ಖೋಲಿಯ ನೆಲದ ಮೇಲೆ ಕೂತು ಚಹಾ ಕುಡಿದವಳಿಗಾಗಿ.

ಮರುದಿನ ಅವಳೇ ಮೊದಲು ಸಹಿ ಹಾಕಿದಳು. ಮಕ್ಕಳು ಹಾಕಿದರು, ಓರಗಿತ್ತಿಯರು ಹಾಕಿದರು, ನನ್ನ ಗಂಡನೂ ಹಾಕಿ ಪೆನ್ನು ನನ್ನ ಮುಂದಿಟ್ಟ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬಂತೆ ಭಾವ ಕುರ್ಚಿಗೊರಗಿ ಕೂತಿದ್ದ. ನಾನು ಹಾಕುವುದಿಲ್ಲ ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಗಂಡ ನನ್ನ ರಟ್ಟೆ ಹಿಡಿದ, ಕೊಡವಿಕೊಂಡೆ. ಭಾವ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಮಾಯ್ ಮೇಜು ಗುದ್ದಿದಳು.

"ಘಾಂಟಿ!" ಎಂದಳು. "ಘಾಂಟಿಯೇ ನೀನು! ಎಲ್ಲಿಂದಲೋ ಬಂದು ನಮ್ಮ ಅನ್ನ ತಿಂದು ನಮ್ಮ ಮನೆಯನ್ನೇ ಮುರಿಯುವ ಜಾತಿ. ಇವರನ್ನು ಹೊಸ್ತಿಲೊಳಗೆ ಬಿಡಬಾರದು ಎಂದು ನಾನು ಆವತ್ತೇ ಹೇಳಿದ್ದೆ."

ಮಕ್ಕಳೆಲ್ಲ ಅವಳನ್ನು ಸಮಾಧಾನ ಮಾಡಲು ಓಡಿದರು. ನನ್ನ ಮಗಳು ಬಾಗಿಲಲ್ಲಿ ನಿಂತು ಅಜ್ಜಿಯನ್ನೂ ನನ್ನನ್ನೂ ನೋಡುತ್ತಿದ್ದಳು. ಕಾಗದ ಮತ್ತೆ ಮಡಿಚಿ ಒಳಗೆ ಹೋಯಿತು, ಗದ್ದೆ ಉಳಿಯಿತು. ನಾನು ತಲೆ ತಗ್ಗಿಸಿ, ಮಾತು ಕೊಟ್ಟಂತೆ, ಎಲ್ಲವನ್ನೂ ತಡೆದುಕೊಂಡೆ. ಬೈಯುತ್ತೇನೆ ಎಂದು ಅವಳು ಮೊದಲೇ ಹೇಳಿದ್ದಳು, ನಿಜ. ಆದರೆ ಆ ಪದ ಅವಳ ಬಾಯಲ್ಲಿ ಒಂದು ಚೂರೂ ತಡವರಿಸಲಿಲ್ಲ.